ನಾನು ಕಿತ್ತುಕೊಂಡ ನಾಲ್ಕು ಮಾರ್ಕು

ಸ್ಯಾನ್ ಡಿಯೇಗೊಗೆ ಬಂದ ಮೊದಲ ನಾಲ್ಕು ವರ್ಷ, "ನೀವೇನು ಮಾಡ್ತೀರಿ?" ಎಂದು ಯಾರು ಕೇಳಿದರೂ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿತ್ತು. "ಮೈಸೂರಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದೆ. ಪಿಎಚ್.ಡಿ.ಗೂ ರಿಜಿಸ್ಟರ್ ಮಾಡಿಸಿದ್ದೆ. ಇಲ್ಲಿ ಡಿಪೆಂಡೆಂಟ್ ವೀಸಾ ನೋಡಿ, ಏನೂ ಮಾಡೋ ಹಾಗಿಲ್ಲ." ಕೇಳಿದವರು ಅಯ್ಯೋ ಪಾಪ ಎಂದು ತಲೆಯಾಡಿಸುತ್ತಿದ್ದರು. ಮೈಸೂರಿನಿಂದ ಅಮ್ಮಿ ಫೋನ್ ಮಾಡಿದಾಗಲೂ ಅದನ್ನೇ ಹೇಳುತ್ತಿದ್ದೆ. ಅದರಲ್ಲಿ ಅರ್ಧ ಮಾತ್ರ ನಿಜ. ಗಂಡನ ಕೆಲಸದ ಮೇಲೆ ಸಿಕ್ಕ ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಓದಬಹುದಿತ್ತು. ಅದು ನನಗೆ ಗೊತ್ತಿತ್ತು.

ನಾವು ಬಂದದ್ದು 2001ರಲ್ಲಿ. ಗಂಡನಿಗೆ ಟೆಲಿಕಾಂ ಕಂಪನಿಯಲ್ಲಿ ಕೆಲಸ, ಮನೆ ಮೀರಾ ಮೆಸಾದಲ್ಲಿ, ಜೊತೆಗೆ ಮೂರು ವರ್ಷದ ಮಗಳು. ನನ್ನ ಮನೆಮಾತು ಉರ್ದು, ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷನ್ನು ನಾನು ಹಲ್ಲು ಕಚ್ಚಿ ಕಲಿತವಳು. ನನ್ನದು ಅಂತ ಹೇಳಿಕೊಳ್ಳಲು ಇದ್ದ ಒಂದೇ ಆಸ್ತಿ ಅದು. ಇಲ್ಲಿ ಬಂದ ಮೇಲೆ ಅದಕ್ಕೂ ಬೆಲೆಯಿಲ್ಲದಂತಾಯಿತು. ನರ್ಸರಿಗೆ ಹೋಗತೊಡಗಿದ ಮಗಳೇ ನನ್ನ ಉಚ್ಚಾರಣೆ ತಿದ್ದುತ್ತಿದ್ದಳು.

2005ರ ಬೇಸಿಗೆಯಲ್ಲಿ ವರ್ಕ್ ಪರ್ಮಿಟ್ ಬಂತು. ಅದೇ ವಾರ ನಮ್ಮ ಹತ್ತಿರದ ಚೈನೀಸ್ ಅಂಗಡಿಯ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿದ್ದು ಕಂಡೆ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ.ಗೆ ಅಪ್ಲೈ ಮಾಡುವ ಚೀನೀಯರಿಗೆ ಇಂಗ್ಲಿಷ್ ತಯಾರಿ ಕೊಡುವ ಒಂದು ಸಣ್ಣ ಕೇಂದ್ರಕ್ಕೆ ಪ್ರಶ್ನೆಪತ್ರಿಕೆ ಬರೆಯುವವರು ಬೇಕಾಗಿದ್ದರು. ನಡೆಸುತ್ತಿದ್ದವರು ರಿಟೈರಾದ ಕೆಮಿಸ್ಟ್ರಿ ಪ್ರೊಫೆಸರ್, ಎಪ್ಪತ್ತು ದಾಟಿದ ಚೀನೀ ಮೇಷ್ಟ್ರು. ಮುಖ್ಯ ಶಾಖೆ ಲಾಸ್ ಏಂಜಲೀಸ್ ಪಕ್ಕದ ಅಲ್ಹಾಂಬ್ರಾದಲ್ಲಿ. ಮೀರಾ ಮೆಸಾದ್ದು ದಂತವೈದ್ಯರ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆ. ಅವರು ನನಗೆ ಒಂದು ಪುಟ ಕೊಟ್ಟು ತಪ್ಪು ಹುಡುಕಲು ಹೇಳಿದರು. ಹದಿನೇಳು ತಪ್ಪು ಹುಡುಕಿದೆ. "ನನಗೆ ಗೊತ್ತಿದ್ದದ್ದು ಹದಿನೈದು," ಎಂದು ಅವತ್ತೇ ಕೆಲಸ ಕೊಟ್ಟರು.

ಪರೀಕ್ಷೆ ತಿಂಗಳಿಗೊಮ್ಮೆ, ಶನಿವಾರ, ಅಲ್ಹಾಂಬ್ರಾದಲ್ಲಿ. ನೂರು ಮಾರ್ಕು. ಕಷ್ಟದ ಪದಗಳ ಅರ್ಥ ಒಂದು ಭಾಗ, ವ್ಯಾಕರಣ ಇನ್ನೊಂದು ಭಾಗ, ಕೊನೆಗೆ ಪ್ರಬಂಧ. ಎಪ್ಪತ್ತೈದು ಬಂದರೆ ಪಾಸು. ಪಾಸಾದವರಿಗೆ ಮಾತ್ರ ಮೇಷ್ಟ್ರು ತಮ್ಮ ಹೆಸರಿನಲ್ಲಿ ಶಿಫಾರಸು ಪತ್ರ ಬರೆಯುತ್ತಿದ್ದರು. ಆ ಪತ್ರಕ್ಕಾಗಿಯೇ ಎಷ್ಟೋ ಜನ ಬರುತ್ತಿದ್ದರು. ಪ್ರಶ್ನೆಗಳು ನನ್ನವು. ಪ್ರಬಂಧ ನೋಡಿ ಮಾರ್ಕು ಹಾಕುವವಳೂ ನಾನೊಬ್ಬಳೇ. ಆ ಅಧಿಕಾರ ನನಗೆ ಇಷ್ಟವಾಗಿತ್ತು. ನಾಲ್ಕು ವರ್ಷ ಕುಕ್ಕರ್ ಕೂಗುವುದನ್ನು ಎಣಿಸುತ್ತಿದ್ದವಳು ಈಗ ವಿಜ್ಞಾನಿಗಳಾಗುವವರ ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದೆ.

ಮೀರಾ ಮೆಸಾದಲ್ಲಿ ನಾನು ಪಾಠವನ್ನೂ ಮಾಡುತ್ತಿದ್ದೆ. ಆ ಕ್ಲಾಸಿಗೆ ಸೆಪ್ಟೆಂಬರಿನಲ್ಲಿ ಒಬ್ಬಳು ಬಂದಳು. ನನ್ನದೇ ವಯಸ್ಸು, ಮೂವತ್ತಾರು. ಗಂಡ ಇಲ್ಲಿನ ಲ್ಯಾಬ್ ಒಂದಕ್ಕೆ ಬಂದ ಸಂಶೋಧಕ, ಅವಳು ಡಿಪೆಂಡೆಂಟ್ ವೀಸಾ. ಅವಳಿಗೂ ಒಬ್ಬಳೇ ಮಗಳು. ಊರಲ್ಲಿ ಕೃಷಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳಂತೆ. ಈಗ ಭತ್ತದ ಬೇರುಗಳ ಮೇಲೆ ಪಿಎಚ್.ಡಿ. ಮಾಡಬೇಕೆಂದಿದ್ದಳು. ಮೊದಲ ದಿನವೇ ನನ್ನ ಬಗ್ಗೆ ಕೇಳಿದಳು. ನಾನು ಅದೇ ಹಳೇ ಉತ್ತರ ಕೊಟ್ಟೆ.

"ಆದರೆ ಆ ವೀಸಾದಲ್ಲಿ ಓದಬಹುದಲ್ಲ ಮೇಡಂ," ಎಂದಳು. ಚುಚ್ಚುವ ದನಿಯೇನಲ್ಲ. ನನಗೆ ಗೊತ್ತಿಲ್ಲವೇನೋ ಎಂದು ನಿಜವಾಗಿ ಅಂದುಕೊಂಡಿದ್ದಳು. "ನನಗೆ ಒಬ್ಬರು ಹೇಳಿದರು. ನಿಮಗೆ ಯಾರೂ ಹೇಳಲಿಲ್ಲವೇ?"

"ಮಗಳು ಚಿಕ್ಕವಳಿದ್ದಳು," ಎಂದೆ.

"ಹೌದು, ನನ್ನವಳೂ ಚಿಕ್ಕವಳು," ಎಂದು ಪುಸ್ತಕ ತೆರೆದಳು.

ಆವತ್ತಿನಿಂದ ನನ್ನೊಳಗೆ ಏನೋ ಉರಿಯತೊಡಗಿತು. ಇಪ್ಪತ್ತೆರಡರ ಹುಡುಗರು ಮುಂದೆ ಹೋದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಇವಳಿಗೆ ನನಗಿದ್ದ ಅಡ್ಡಿಗಳೆಲ್ಲ ಇದ್ದವು, ಮೇಲಿಂದ ಭಾಷೆಯೂ ಬರುತ್ತಿರಲಿಲ್ಲ. ಇವಳು ಗೆದ್ದರೆ ನನ್ನ ನಾಲ್ಕು ವರ್ಷದ ನೆಪ ಸುಳ್ಳಾಗುತ್ತಿತ್ತು.

ನನಗೆ ಫ್ರೀವೇಯಲ್ಲಿ ಡ್ರೈವ್ ಮಾಡಲು ಭಯ. ಅಕ್ಟೋಬರಿನ ಪರೀಕ್ಷೆಗೆ ಮೇಷ್ಟ್ರು ನಾನು ಅವಳ ಮತ್ತು ಅವಳ ಗಂಡನ ಜೊತೆ ಅವರ ಕಾರಿನಲ್ಲಿ ಬರುವಂತೆ ಏರ್ಪಾಡು ಮಾಡಿದರು. ಬೆಳಿಗ್ಗೆ ಆರಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು ಮತ್ತು ನಿದ್ದೆಹೋದ ಅವರ ಮಗಳು. ಮುಂದೆ ಅವಳ ಮಡಿಲಲ್ಲಿ ಕೈಬರಹದ ಚೀಟಿಗಳ ಕಟ್ಟು. ಅವಳು ಪದ ಓದುತ್ತಿದ್ದಳು, ಗಂಡ ಸ್ಟಿಯರಿಂಗ್ ಹಿಡಿದೇ ಅರ್ಥ ಊಹಿಸುತ್ತಿದ್ದ. ಬೇಕೆಂದೇ ತಪ್ಪು ಹೇಳುತ್ತಿದ್ದ ಅನ್ನಿಸುತ್ತದೆ, ಯಾಕೆಂದರೆ ಅವನನ್ನು ತಿದ್ದುವಾಗ ಅವಳಿಗೆ ಆ ಪದ ಗಟ್ಟಿಯಾಗುತ್ತಿತ್ತು. ಎಡಗಡೆ ಸಮುದ್ರದ ಮೇಲೆ ಬೆಳಗಾಗುತ್ತಿತ್ತು. ಇಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ.

ನನ್ನ ಗಂಡ ಒಳ್ಳೆಯವರು. ಒಂದು ದಿನವೂ ನನ್ನ ಮೇಲೆ ದನಿ ಏರಿಸಿದವರಲ್ಲ. ಆದರೆ ನನ್ನ ಪಿಎಚ್.ಡಿ.ಯ ವಿಷಯ ಏನಾಗಿತ್ತು ಎಂದು ಯಾರಾದರೂ ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ದಾರಿಯಲ್ಲಿ ಕಾರ್ಲ್ಸ್‌ಬಾಡ್ ಊರು ದಾಟುವಾಗ ಅದು ನೆನಪಾಯಿತು. ಮುಂದಿನ ಸೀಟಿನ ಆ ಹೆಂಗಸಿನ ಮೇಲೆ ನನಗೆ ವಿಪರೀತ ಸಿಟ್ಟು ಬಂತು.

ಆವತ್ತಿನ ಪ್ರಬಂಧ, "ನಿಮಗೆ ಏನನ್ನಾದರೂ ಕಲಿಸಿದ ಒಬ್ಬ ವ್ಯಕ್ತಿ". ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಕೂತು ಪೇಪರು ನೋಡುತ್ತಿದ್ದೆ. ಒಬ್ಬ ಯುವಕ, ತನ್ನ ತಾತ ಎಷ್ಟೋ ರಾತ್ರಿ ಊಟಕ್ಕೆ ಗಾಳಿ ಕುಡಿದು ಮಲಗುತ್ತಿದ್ದ ಎಂದು ಬರೆದಿದ್ದ. ಓದಿ ಖುಷಿಯಾಗಿ ಪಕ್ಕದಲ್ಲಿ "ಚೆನ್ನಾಗಿದೆ" ಎಂದು ಬರೆದೆ. ಐದಾರು ಪೇಪರು ಆದ ಮೇಲೆ ಅವಳದು ಬಂತು. ಗಿರಣಿಯಲ್ಲಿ ದುಡಿದ, ಓದಲು ಬಾರದ ತಾಯಿಯ ಬಗ್ಗೆ ಬರೆದಿದ್ದಳು. ಅದರಲ್ಲೊಂದು ವಾಕ್ಯವಿತ್ತು. ನನ್ನ ಬಾಯಲ್ಲಿ ಸಿಹಿ ಉಳಿಯಲಿ ಎಂದು ನನ್ನ ತಾಯಿ ಇಪ್ಪತ್ತು ವರ್ಷ ಕಹಿ ತಿಂದಳು.

ಆ ವಾಕ್ಯವನ್ನು ಎರಡು ಸಲ ಓದಿದೆ. ಕನ್ನಡದಲ್ಲಿ ನಾವೂ ಏಟು ತಿನ್ನುತ್ತೇವೆ, ಬೈಗುಳ ತಿನ್ನುತ್ತೇವೆ, ನೋವು ಉಣ್ಣುತ್ತೇವೆ. ಆ ವಾಕ್ಯ ನನಗೆ ನೇರವಾಗಿ ತಾಗಿತು. ಎಂಟು ವರ್ಷ ಇಂಗ್ಲಿಷ್ ಕಲಿಸಿದ ನಾನು ಅಂಥದ್ದೊಂದು ವಾಕ್ಯವನ್ನು ಬರೆದಿರಲಿಲ್ಲ. ಅದರ ಕೆಳಗೆ ಕೆಂಪು ಗೆರೆ ಎಳೆದೆ. "ಇಂಗ್ಲಿಷಿನಲ್ಲಿ ಕಹಿಯನ್ನು ತಿನ್ನುವುದಿಲ್ಲ. ಪದಪ್ರಯೋಗ ತಪ್ಪು," ಎಂದು ಬರೆದು ನಾಲ್ಕು ಮಾರ್ಕು ಕಳೆದೆ.

ಐದು ಗಂಟೆಗೆ ಫಲಿತಾಂಶ ಗೋಡೆಗೆ ಹಚ್ಚಿದರು. ಅವಳಿಗೆ ಎಪ್ಪತ್ಮೂರು.

ವಾಪಸು ಅದೇ ಕಾರು. ಅವಳು ಅಳಲಿಲ್ಲ. ಕಿತ್ತಳೆ ಸುಲಿದು ಮೊದಲು ನನಗೆ ಕೊಟ್ಟಳು, ಆಮೇಲೆ ಮಗಳಿಗೆ. ಒಂದು ಗಂಟೆಯ ನಂತರ ಪೇಪರು ಹಿಡಿದು ಹಿಂದೆ ತಿರುಗಿ, "ಮೇಡಂ, ಇದನ್ನು ವಿವರಿಸುತ್ತೀರಾ? ಮತ್ತೆ ಈ ತಪ್ಪು ಮಾಡಬಾರದು," ಎಂದಳು.

ಆಗಲೂ ಸಮಯವಿತ್ತು. ನೋಡುವಾಗ ಎಡವಿದೆ ಎಂದಿದ್ದರೆ ಸೋಮವಾರ ಮೇಷ್ಟ್ರಿಗೆ ಹೇಳಿ ಸರಿಪಡಿಸಬಹುದಿತ್ತು. ನಾನು ಪಾಠ ಮಾಡಿದೆ. "ನಿಮ್ಮ ಭಾಷೆಯ ರೂಢಿಯನ್ನು ಇಂಗ್ಲಿಷಿಗೆ ತರಬೇಡಿ. ಕಷ್ಟಪಟ್ಟಳು ಎಂದು ನೇರವಾಗಿ ಬರೆಯಿರಿ. ಪರೀಕ್ಷಕರಿಗೆ ಅಲಂಕಾರ ಬೇಡ."

"ಮೇಡಂ ಹೇಳಿದ್ದು ಬರೆದುಕೋ," ಎಂದ ಗಂಡ. ಅವಳು ಒಂದು ಖಾಲಿ ಚೀಟಿ ತೆಗೆದು ಮಡಿಲ ಮೇಲಿಟ್ಟುಕೊಂಡು ಬರೆದುಕೊಂಡಳು.

ನವೆಂಬರಿನ ಪರೀಕ್ಷೆ ಥ್ಯಾಂಕ್ಸ್‌ಗಿವಿಂಗ್ ರಜೆಯಿಂದಾಗಿ ಡಿಸೆಂಬರಿಗೆ ಹೋಯಿತು. ಈ ಸಲ ಅವಳ ಪ್ರಬಂಧದಲ್ಲಿ ಒಂದೂ ತಪ್ಪಿರಲಿಲ್ಲ, ನೆನಪಿಡುವಂಥ ಒಂದು ವಾಕ್ಯವೂ ಇರಲಿಲ್ಲ. ಕಷ್ಟಪಟ್ಟರು, ಶ್ರಮಿಸಿದರು, ಯಶಸ್ವಿಯಾದರು. ಎಂಬತ್ತೊಂದು ಬಂತು. ಮೇಷ್ಟ್ರು ಪತ್ರ ಬರೆದರು. ಅಷ್ಟರಲ್ಲಿ ಸ್ಯಾನ್ ಡಿಯೇಗೊದಲ್ಲಿ ಅವಳು ಸೇರಬೇಕೆಂದಿದ್ದ ವಿಭಾಗದ ಕೊನೆಯ ತಾರೀಖು ಮುಗಿದಿತ್ತು. ಲಾಸ್ ಏಂಜಲೀಸಿನದು ಇನ್ನೂ ತೆರೆದಿತ್ತು, ಅಲ್ಲಿಗೆ ಅಪ್ಲೈ ಮಾಡಿದಳು. ಈ ತಾರೀಖಿನ ಸಂಗತಿ ಮೇಷ್ಟ್ರು ಮಾತಿನ ನಡುವೆ ಹೇಳಿದಾಗ ತಿಳಿಯಿತು. "ಅಕ್ಟೋಬರಿನಲ್ಲೇ ಆಗಿದ್ದರೆ ಚೆನ್ನಾಗಿತ್ತು. ಎರಡೇ ಮಾರ್ಕು ನೋಡಿ," ಎಂದರು. ನಾನು ಪ್ರಶ್ನೆಪತ್ರಿಕೆಗಳನ್ನು ಜೋಡಿಸುತ್ತಿದ್ದೆ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅವಳು ಮೀರಾ ಮೆಸಾದ ಕೋಣೆಗೆ ಒಬ್ಬಳೇ ಬಂದಳು. ಕೈಯಲ್ಲಿ ಸೇಬಿನ ಹಾಗಿರುವ ಏಷ್ಯನ್ ಪೇರ್ ಹಣ್ಣುಗಳ ಡಬ್ಬಿ. ಲಾಸ್ ಏಂಜಲೀಸಿನಲ್ಲಿ ಸೀಟು ಸಿಕ್ಕಿತ್ತು. ಗಂಡನ ಕೆಲಸ ಇಲ್ಲೇ. ಹಾಗಾಗಿ ವಾರವೆಲ್ಲ ಅವಳೊಬ್ಬಳೇ ಅಲ್ಲಿ, ಮಗಳು ಅಪ್ಪನ ಜೊತೆ ಇಲ್ಲಿ, ಶನಿವಾರ ಭಾನುವಾರ ಮಾತ್ರ ಒಟ್ಟಿಗೆ.

"ನಿಮ್ಮಿಂದ ನನ್ನ ಇಂಗ್ಲಿಷ್ ನೇರವಾಯಿತು ಮೇಡಂ," ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ಸೀಟು ಸಿಕ್ಕಿತೆಂದು ಕೇಳಿ ಇನ್ನೂ ಹೆಚ್ಚಾಗಿತ್ತು. ಆದರೂ ಆ ಥ್ಯಾಂಕ್ಸ್ ಅನ್ನು ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

"ಕೂತುಕೊಳ್ಳಿ," ಎಂದೆ. "ಆ ಕಹಿ ತಿಂದ ವಾಕ್ಯ ತಪ್ಪಾಗಿರಲಿಲ್ಲ. ಆವತ್ತು ಎಲ್ಲಾ ಪೇಪರುಗಳಲ್ಲಿ ಅದೇ ಚೆನ್ನಾಗಿತ್ತು. ನಾನು ಬೇಕೆಂದೇ ಮಾರ್ಕು ಕಿತ್ತುಕೊಂಡೆ."

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ನಿಧಾನವಾಗಿ ಹೇಳಿದೆ.

"ಯಾಕೆ?" ಎಂದಳು.

"ಹೊಟ್ಟೆಕಿಚ್ಚು." ಪದ ಕನ್ನಡದಲ್ಲೇ ಬಂದುಬಿಟ್ಟಿತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ನಾನೇ ಅವರಿಗೆ ಪರೀಕ್ಷೆಯಲ್ಲಿ ಕೊಡುತ್ತಿದ್ದ ಪದಗಳಲ್ಲಿ ಅದೂ ಒಂದು. "ನೀವು ಮಾಡುತ್ತಿರುವುದನ್ನು ನಾನೂ ಮಾಡಬಹುದಿತ್ತು. ಮಾಡಲಿಲ್ಲ."

ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಅಕ್ಟೋಬರಿನಿಂದ ಡಿಸೆಂಬರಿನ ವಾರಗಳಿರಬೇಕು. ಆಮೇಲೆ, "ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರುವುದಿಲ್ಲ," ಎಂದಳು. ನೆಟ್ಟಗೆ ಕೂತು, ನನ್ನ ಮುಖ ನೋಡುತ್ತಾ, ಚೈನೀಸಿನಲ್ಲಿ ಮಾತಾಡತೊಡಗಿದಳು. ದನಿ ಏರಿಸಲಿಲ್ಲ. ಎರಡು ಮೂರು ನಿಮಿಷ ಎಡೆಬಿಡದೆ ಮಾತಾಡಿದಳು. ಕ್ಲಾಸಿನಲ್ಲಿ ಒಂದೊಂದು ಪದಕ್ಕೂ ತಡವರಿಸುತ್ತಿದ್ದ ಹೆಂಗಸು ಇವಳೇನಾ ಅನ್ನಿಸಿತು. ಒಂದು ಅಕ್ಷರವೂ ಅರ್ಥವಾಗಲಿಲ್ಲ. ಅನುವಾದ ಮಾಡಿ ಎಂದು ಕೇಳುವ ಮುಖ ನನಗಿರಲಿಲ್ಲ. ಪೂರ್ತಿ ಕೇಳಿಸಿಕೊಂಡೆ.

ಮುಗಿಸಿ, ಎದ್ದು, ಹಣ್ಣಿನ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿ ಬಂದು ಡಬ್ಬಿಯನ್ನು ಬಾಗಿಲ ಬಳಿಯ ಕುರ್ಚಿಯ ಮೇಲಿಟ್ಟಳು. "ಇದು ನಿಮ್ಮ ಮಗಳಿಗೆ," ಎಂದಳು, ಇಂಗ್ಲಿಷಿನಲ್ಲಿ. ನಾನು ಅವಳನ್ನು ನೋಡಿದ್ದು ಅದೇ ಕೊನೆ.

ಮರುದಿನ ಮೇಷ್ಟ್ರಿಗೆ ಎಲ್ಲಾ ಹೇಳಿದೆ, ಕೆಲಸ ಬಿಡುತ್ತೇನೆಂದೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಪ್ರಶ್ನೆ ಬರೆಯಿರಿ. ಇನ್ನು ಮೇಲೆ ಉತ್ತರ ನೋಡಬೇಡಿ," ಎಂದರು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವರು ಕೊಡಬಹುದಿತ್ತು. ಪ್ರಬಂಧಗಳನ್ನು ತಾವೇ ನೋಡತೊಡಗಿದರು, ಕಣ್ಣಿನ ತೊಂದರೆ ಇದ್ದರೂ. ಪಕ್ಕದ ಕೋಣೆಯಲ್ಲಿ ಅವರು ಪೇಪರನ್ನು ಮುಖದ ಹತ್ತಿರ ಹಿಡಿದು ಓದುವಾಗ ನಾನು ತಲೆ ತಗ್ಗಿಸಿ ಬಿಟ್ಟ ಸ್ಥಳ ತುಂಬುವ ವಾಕ್ಯಗಳನ್ನು ಬರೆಯುತ್ತಿದ್ದೆ. ಅಮ್ಮಿಗೆ ಮಾತ್ರ ಫೋನಿನಲ್ಲಿ ನಿಜ ಹೇಳಿದೆ. ವೀಸಾ ನನ್ನನ್ನು ತಡೆದಿರಲಿಲ್ಲ, ನಾನೇ ಓದಲಿಲ್ಲ ಎಂದೆ. ಅಮ್ಮಿ, ಮಗುವಿಗೆ ಕೆಮ್ಮು ಹೋಯಿತಾ ಎಂದು ಕೇಳಿದರು.

ಪಿಎಚ್.ಡಿ. ಫಾರಂ ಎರಡು ಸಲ ತುಂಬಿದೆ, ಕಳಿಸಲಿಲ್ಲ. ಇದಕ್ಕೆ ಈಗ ನೆಪ ಹೇಳುವುದಿಲ್ಲ.

2008ರಲ್ಲಿ ಮೇಷ್ಟ್ರು ಮೀರಾ ಮೆಸಾದ ಶಾಖೆ ಮುಚ್ಚಿದರು. ಕೊನೆಯ ದಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವಾಗ, ಅವಳ ಮೊದಲ ಸಂಶೋಧನಾ ಲೇಖನ ಪ್ರಕಟವಾಗಿದೆ ಎಂದು ಹೇಳಿ ಪತ್ರಿಕೆಯ ಹೆಸರು ಬರೆದುಕೊಟ್ಟರು. ನಾನು ಲೈಬ್ರರಿಗೆ ಹೋಗಿ ಕಂಪ್ಯೂಟರಿನಲ್ಲಿ ಹುಡುಕಿದೆ. ಬೇರು, ಉಪ್ಪು, ನೀರು, ಗ್ರಾಫುಗಳು. ವಿಷಯ ಏನೂ ತಿಳಿಯಲಿಲ್ಲ. ಆದರೂ ಒಂದು ವಾಕ್ಯ ಬಿಡದೆ ಓದಿದೆ, ತಪ್ಪು ಹುಡುಕುತ್ತಾ. ನಾಲ್ಕನೇ ಪುಟದಲ್ಲಿ ಒಂದು ಏಕವಚನ ಬಹುವಚನದ ತಪ್ಪು ಸಿಕ್ಕಿತು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಮೊದಲ ಪುಟವನ್ನು ಪ್ರಿಂಟ್ ತೆಗೆದುಕೊಂಡು ಮನೆಗೆ ಬಂದೆ. ಇದೇನು ಎಂದು ಗಂಡ ಕೇಳಿದರು.

"ನನ್ನ ಸ್ಟೂಡೆಂಟ್ ಒಬ್ಬಳು ಬರೆದದ್ದು," ಎಂದೆ.

ಅವರು ಕೈಗೆ ತೆಗೆದುಕೊಂಡು ಹೆಸರು ನೋಡಿದರು. "ಚೆನ್ನಾಗಿ ಕಲಿಸಿದ್ದೀಯ," ಎಂದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ಬೀರುವಿನಲ್ಲಿ, ನನ್ನ ಹಳೇ ಸರ್ಟಿಫಿಕೇಟುಗಳ ಫೈಲಿನೊಳಗೆ ಇಟ್ಟೆ.