ಮಲಗಿಸಿಯೇ ಕುಡಿಸಿದ ಅಂಬಲಿ

ಸುಶೀಲಕ್ಕಾ, ನಿಮ್ಮ ಅವ್ವ ತೀರಿಕೊಂಡದ್ದು ನಾನು ಕುಡಿಸಿದ ಅಂಬಲಿಯಿಂದ — ನೀವು ತಲೆಗೆ ನೀರು ಹಾಕಿದ್ದರಿಂದಲ್ಲ. ಇಷ್ಟು ವರ್ಷ ಇದನ್ನು ನಿಮ್ಮಿಂದ ಮುಚ್ಚಿಟ್ಟೆ.

ಕುಡಚಿಯಿಂದ ರಾಯಬಾಗದ ನಿಮ್ಮ ಮನೆಗೆ ನಾನು ಬಂದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಲಕ್ವಾ ಹೊಡೆದು ಮಲಗಿದ ಅವ್ವನನ್ನು ನೋಡಿಕೊಳ್ಳಲು ಕಲಿತವಳೇ ಬೇಕೆಂದು ನೀವು ಹಟ ಹಿಡಿದಿದ್ದಿರಿ. ಆಗ ಮಿರಜಿನ ಆಸ್ಪತ್ರೆಯೊಂದರಲ್ಲಿ, ಏಳನೆಯ ಇಯತ್ತೆ ಪಾಸಾದ ಹೆಣ್ಣುಮಕ್ಕಳಿಗೆ ಮೂರು ತಿಂಗಳು ಈ ಕೆಲಸ ಕಲಿಸುತ್ತಿದ್ದರು. ನಾನು ಸೇರಿದ್ದೆ, ನಿಜ. ಎರಡನೆಯ ವಾರಕ್ಕೇ ಬೇಸತ್ತು ಓಡಿಬಂದಿದ್ದೆ.

"ಟ್ರೇನಿಂಗ್ ಪೂರಾ ಆಗೇತೇನವಾ?" ಎಂದು ಕೇಳಿದಿರಿ.

"ಹೌದ್ರಿ ಅಕ್ಕಾ, ಎಲ್ಲಾ ಕಲ್ತೇನ್ರಿ" ಎಂದೆ.

ಆ ಮನೆಯ ಮಧ್ಯಾಹ್ನಗಳು ಈಗಲೂ ಕನಸಿನಲ್ಲಿ ತೇಲಿ ಬರುತ್ತವೆ — ಬೆಲ್ಲದ ಗಾಣದಿಂದ ಬರುವ ಸಿಹಿ ಹೊಗೆ, ಉಸಿರಾಡುವಂತೆ ಉಬ್ಬಿ ಇಳಿಯುವ ಹಳೆಯ ಸೀರೆಯ ಪರದೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅವ್ವನ ತೊದಲು. ನನ್ನನ್ನು ತನ್ನ ತಂಗಿಯೆಂದೇ ತಿಳಿದು, "ಬಾರಬೇ, ಹೊಳ್ಯಾಗ ಈಸ್ಯಾಡೂಣು" ಎನ್ನುತ್ತಿದ್ದರು. ಕೇಳುತ್ತ ಕೇಳುತ್ತ ನಾನೂ ಆ ತಣ್ಣನೆಯ ನೀರಿಗೆ ಇಳಿದಂತೆ, ಕಣ್ಣು ತಾನಾಗಿ ಮುಚ್ಚಿದಂತೆ...

ಅಂಥದ್ದೇ ಒಂದು ಮಧ್ಯಾಹ್ನ. ನೀವು ಮುಂಜಾನೆ ಅವ್ವನ ತಲೆ ತೊಳೆದು ದ್ರಾಕ್ಷಿ ತೋಟಕ್ಕೆ ಹೋಗಿದ್ದಿರಿ. ನೀವು ಯಾವಾಗಲೂ ಅವರನ್ನು ಎಬ್ಬಿಸಿ ಕೂಡಿಸಿಯೇ ಕುಡಿಸುತ್ತಿದ್ದಿರಿ. ಅದು ನಿಮ್ಮ ಪ್ರೀತಿಯ ರೂಢಿ ಎಂದುಕೊಂಡಿದ್ದೆ. ನನಗೆ ನಿದ್ದೆಯ ಮಂಪರು, ಸೋಮಾರಿತನ — ಮಲಗಿಸಿಯೇ ಅಂಬಲಿ ಹಾಕಿದೆ. ಲಕ್ವಾದವರಿಗೆ ಹಾಗೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದೆಂಬುದು, ನಾನು ಕೂತು ಕೇಳದ ಪಾಠ. ಅವ್ವ ಕೆಮ್ಮಿದರು. ಮುಖ ನೀಲಿಗಟ್ಟಿತು. ಗಾಬರಿಯಿಂದ ಎತ್ತಿ ಬೆನ್ನು ತಟ್ಟಿದೆ, ಉಸಿರು ಮರಳಿತು. ಬಾಯಿ ಒರೆಸಿ ಮತ್ತೆ ಮಲಗಿಸಿದೆ.

ಮರುದಿನ ಜ್ವರ. ಏನಾದರೂ ನೆತ್ತಿಗೇರಿತ್ತೇ ಎಂದು ಡಾಕ್ಟರು ಕೇಳಿದಾಗ, ಇಲ್ಲವೆಂದು ತಲೆಯಾಡಿಸಿದೆ. ನೀವು ಗೋಡೆಗೆ ಹಣೆ ಚಚ್ಚಿಕೊಂಡಿರಿ. "ನಾನ ನಿನ್ನಿ ತಲಿಮ್ಯಾಲ ನೀರ ಹಾಕೀನ್ರಿ... ನಾನ ಕೊಂದ್ನಿ!" ನಾನು ಪಕ್ಕದಲ್ಲೇ ನಿಂತಿದ್ದೆ.

ವಾರದೊಳಗೆ ಅವ್ವ ಹೋದರು. ನಾನು ಹೊರಡುವಾಗ ನೀವು ಒಂದು ಸೀರೆ ಕೊಟ್ಟು, "ಹಸೀನಾ, ನೀ ಮಗಳಿಗಿಂತ ಹೆಚ್ಚ ಮಾಡಿದಿ" ಎಂದಿರಿ. ಆಗಲಾದರೂ —

ಮುಂದೆ ಮಿರಜಿಗೆ ಮರಳಿ ಪೂರ್ತಿ ಕಲಿತೆ. ರೋಗಿಯನ್ನು ಕೂಡಿಸಿ ಉಣಿಸುವ ಪಾಠದ ದಿನ ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತು ಅತ್ತೆ. ಆದರೂ ರಾಯಬಾಗದ ಬಸ್ಸು ಹತ್ತಲಿಲ್ಲ.

ಮೊನ್ನೆ ನಿಮ್ಮ ಓಣಿಯವರೊಬ್ಬರು ಸಿಕ್ಕಿದ್ದರು. ನೀವು ಇಂದಿಗೂ ಮೊಮ್ಮಗಳ ತಲೆಗೆ ನೀರು ಹಾಕಲು ಅಂಜುತ್ತೀರಂತೆ. ಮಗು ಜಳಕಕ್ಕೆ ಕರೆದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀರಂತೆ.

ನಾಳೆ ಬರುತ್ತೇನೆ, ಅಕ್ಕಾ. ಇದನ್ನೆಲ್ಲ ನಿಮ್ಮೆದುರು ನಿಂತು ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಹೇಳುತ್ತೇನೆ — ನಿಮಗೆ ಕೇಳುವಷ್ಟು ಗಟ್ಟಿಯಾಗಿ, ಓಣಿಯೆಲ್ಲ ಕೇಳಿದರೂ ಸರಿ.