ಚಾಡಿ ಹೇಳದೆ ಸೇರಿಸಿಕೊಳ್ಳುವುದಿಲ್ಲ

ನನ್ನ ಅತ್ತಿಗೆ ನಾಯಿಗಳನ್ನು ನೋಡಿಕೊಳ್ಳುತ್ತಾರೆ. ಕೆಲಸಕ್ಕೆ ಹೋಗುವವರು ಬೆಳಿಗ್ಗೆ ತಂದು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ, ಪರವೂರಿಗೆ ಹೊರಟವರು ವಾರಗಟ್ಟಲೆ ಬಿಡುತ್ತಾರೆ. ಆದರೆ ಅಲ್ಲಿ ನಾಯಿಯನ್ನು ಸೇರಿಸುವುದು ಅಷ್ಟು ಸುಲಭವಲ್ಲ. ಲಸಿಕೆ ಹಾಕಿಸಿದ ಚೀಟಿ ತೋರಿಸಿದರೆ ಸಾಲದು, ಒಂದು ದಿನ ಬಿಟ್ಟು ನೋಡುತ್ತೇವೆಂದು ಒಪ್ಪಿಕೊಂಡರೂ ಸಾಲದು. ಸಾಕಿದವರು ತಮ್ಮ ನಾಯಿಯ ಮೇಲೆ ಒಂದಾದರೂ ಚಾಡಿ ಹೇಳಬೇಕು. ಇದು ಅತ್ತಿಗೆಯ ಕಟ್ಟುನಿಟ್ಟು.

“ನಮ್ಮದು ಬಂಗಾರ ಮಿಸ್, ಮಗು ಇದ್ದ ಹಾಗೆ,” ಎಂದು ಬಂದವರು ಶುರು ಮಾಡಿದರೆ ಅತ್ತಿಗೆ ಕೈಕಟ್ಟಿ ಕೂರುತ್ತಾರೆ.

“ಬಂಗಾರ ಆದ್ರೆ ಬೀರುನಲ್ಲಿಡಿ. ನನ್ನ ಹತ್ರ ಬಿಡೋದಾದ್ರೆ ಅದರ ಕೆಟ್ಟ ಬುದ್ಧಿ ಏನು, ಅದು ಹೇಳಿ.”

ಇದನ್ನು ಕೇಳಿ ಮುಖ ಗಂಟಿಕ್ಕಿಕೊಂಡು ಎದ್ದು ಹೋದವರಿದ್ದಾರೆ. ಹಲ್ಲಿನ ಡಾಕ್ಟರೊಬ್ಬರು ತಮ್ಮ ನಾಯಿಗೆ ಯಾವ ದೋಷವೂ ಇಲ್ಲವೆಂದು ಸಾಧಿಸುತ್ತಿದ್ದಾಗ, ಪಕ್ಕದಲ್ಲಿದ್ದ ಹೆಂಡತಿ, “ಗುಡುಗಿದರೆ ಬಾಗಿಲು ಕೆರೆದು ಪುಡಿ ಮಾಡುತ್ತೆ,” ಎಂದುಬಿಟ್ಟರು. ಅಲ್ಲಿಂದ ಗಂಡ ಹೆಂಡಿರ ಜಗಳ ಶುರುವಾಗಿ, ನಾಯಿ ಇಬ್ಬರ ಮುಖವನ್ನೂ ನೋಡುತ್ತಾ ಕೂತಿತ್ತು. ಇನ್ನು ಕೆಲವರು ನಾಯಿಯ ಚಾಡಿಯಿಂದ ಶುರು ಮಾಡಿದವರು ಅತ್ತೆಯ ಚಾಡಿಗೆ ಹೋಗಿ, ಅಲ್ಲಿಂದ ವಾಪಸ್ ಬರುವುದೇ ಇಲ್ಲ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ನನಗಾದರೆ ಅಷ್ಟು ತಾಳ್ಮೆಯಿಲ್ಲ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅತ್ತಿಗೆಯನ್ನು ಎಲ್ಲರೂ ಮಿಸ್ ಎನ್ನುವುದಕ್ಕೆ ಕಾರಣವಿದೆ. ನಾಯಿಗಳಿಗಿಂತ ಮೊದಲು ಅವರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ತಾಯಂದಿರು ಕೆಲಸಕ್ಕೆ ಹೋಗುವಾಗ ಬಿಟ್ಟು ಹೋದ ಮಕ್ಕಳಿಗೆ ಮೂಗು ಒರೆಸಿ, ಊಟ ಮಾಡಿಸಿ, ಮಲಗಿಸುವ ಕೆಲಸ. ಅವರು ಕೆಲಸ ಮಾಡುತ್ತಿದ್ದ ಶಿಶುವಿಹಾರದ ಕಟ್ಟಡ ಬೇರೆಯವರ ಪಾಲಾಗಿ ಅದು ಮುಚ್ಚಿದಾಗ ಅತ್ತಿಗೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ಪಕ್ಕದ ಮನೆಯವರ ನಾಯಿಯನ್ನು ಹಗಲು ಹೊತ್ತು ನೋಡಿಕೊಂಡರು. ಅದನ್ನು ಕಂಡು ಇನ್ನೊಬ್ಬರು ಬಂದರು. ನನ್ನ ಅಣ್ಣ, ಅಂದರೆ ಅವರ ಗಂಡ, “ಮಕ್ಕಳಾಯ್ತು, ಈಗ ನಾಯಿ, ಮುಂದೆ ಏನು ಕೋತಿಯಾ?” ಎಂದು ಕಂಡವರ ಮುಂದೆಲ್ಲ ನಗೆಯಾಡಿದ. ಈಗ ಅದೇ ಅಣ್ಣ ಬೆಳಗಾಗೆದ್ದು ನಾಯಿಗಳ ಬಟ್ಟಲು ತೊಳೆಯುತ್ತಾನೆ. ನಗುವ ಸರದಿ ನನ್ನದು.

ಮಕ್ಕಳಿಗೂ ನಾಯಿಗೂ ಏನು ವ್ಯತ್ಯಾಸ ಎಂದು ಒಮ್ಮೆ ಕೇಳಿದ್ದೆ. ಅತ್ತಿಗೆ ಯೋಚಿಸದೆ ಉತ್ತರ ಕೊಟ್ಟರು.

“ಮಗು ಸಂಜೆ ಮನೆಗೆ ಹೋಗಿ ಎಲ್ಲಾ ಹೇಳುತ್ತೆ. ಮಿಸ್ ಬೈದ್ರು, ಮಿಸ್ ಹಾಲು ಕೊಡ್ಲಿಲ್ಲ ಅಂತ. ಸುಳ್ಳಾದ್ರೂ ಸರಿ, ಹೇಳುತ್ತೆ. ನಾಯಿ ಏನು ಹೇಳುತ್ತೆ? ಅದಕ್ಕೆ ಹೊಡೆದರೂ ಬಾಲ ಆಡಿಸ್ಕೊಂಡು ಹೋಗುತ್ತೆ. ಅದಕ್ಕೇ ಮನೆಯವರು ಹೇಳೋದನ್ನೂ ನಾನು ಕೇಳಬೇಕು, ಇಲ್ಲಿ ಆದದ್ದನ್ನು ನಾನೇ ಹೇಳಬೇಕು.”

ನಾಯಿಗಳು ಹೆಚ್ಚಾದ ಮೇಲೆ ಅವರು ಬಾಡಿಗೆಗೆ ಹಿಡಿದ ಜಾಗ ಹಳೆಯ ಮುದ್ರಣಾಲಯ. ಗೋಡೆ ದಪ್ಪ, ಎತ್ತರದಲ್ಲಿ ಸಾಲಾಗಿ ಕಿಟಕಿ, ನೆಲಕ್ಕೆ ಇಳಿಜಾರು, ನೀರು ಹೋಗಲು ಮೋರಿ. ಯಂತ್ರವಿದ್ದ ಜಾಗ ಈಗ ದೊಡ್ಡ ನಾಯಿಗಳ ಅಂಗಳ, ಕಾಗದ ಪೇರಿಸುತ್ತಿದ್ದ ಜಾಗ ಹೊಸ ನಾಯಿಗಳ ಕೋಣೆ. ಅದನ್ನು ಇವತ್ತಿಗೂ ಕಾಗದದ ಕೋಣೆ ಎಂದೇ ಕರೆಯುತ್ತಾರೆ. ನಾನು ವೆಲ್ಡಿಂಗ್ ಕೆಲಸದವನು. ಬಾಗಿಲಿಗೆ ಒಂದರ ಹಿಂದೊಂದು ಎರಡು ಗೇಟು ಮಾಡಿಕೊಟ್ಟದ್ದು ನಾನೇ. ಮೊದಲನೆಯದು ಮುಚ್ಚುವವರೆಗೆ ಎರಡನೆಯದನ್ನು ತೆರೆಯುವಂತಿಲ್ಲ. ಆಟಕ್ಕೆ ಬಿಡುವಾಗ ಎಲ್ಲ ನಾಯಿಗಳ ಕೊರಳಪಟ್ಟಿ ತೆಗೆಯುತ್ತಾರೆ, ಒಂದರ ಹಲ್ಲು ಇನ್ನೊಂದರ ಪಟ್ಟಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ ಎಂದು. ಬಂದವರು ಯಾವ ಹೊತ್ತಿನಲ್ಲಿ ಬೇಕಾದರೂ, ಹೇಳದೆ ಕೇಳದೆ, ಯಾವ ಕೋಣೆಗೆ ಬೇಕಾದರೂ ಇಣುಕಬಹುದು. ಇಣುಕಲು ಬಿಡದ ಕಡೆ ನಾಯಿ ಬಿಡಬೇಡಿ ಎಂದು ಅತ್ತಿಗೆ ಫೋನಿನಲ್ಲೇ ಹೇಳುತ್ತಾರೆ.

ಇಷ್ಟೆಲ್ಲ ಇದ್ದ ಜಾಗಕ್ಕೆ ಒಂದು ಬೆಳಿಗ್ಗೆ ಬಸ್ ಡ್ರೈವರ್ ಒಬ್ಬರು ಬಂದರು. ಐವತ್ತು ದಾಟಿದ ಮನುಷ್ಯ. ಬಾಗಿಲ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆ ಹಿಡಿದು, ಉಸಿರು ಎಳೆದುಕೊಂಡು ಮತ್ತೆ ಹತ್ತಿದರು. ಕೈಯಲ್ಲಿದ್ದ ಹಗ್ಗದ ತುದಿಯಲ್ಲಿ ಕಂದುಬಣ್ಣದ, ಕುತ್ತಿಗೆಯ ಸುತ್ತ ದಟ್ಟ ಕೂದಲಿನ ಒಂದು ನಾಯಿ. ಅದರ ಹೆಸರು ಕಂಡಕ್ಟರ್. ಹೆಸರು ಕೇಳಿ ನಾನು ನಕ್ಕೆ, ಅವರು ನಗಲಿಲ್ಲ.

ಅವರ ಎದೆಗೆ ಆಪರೇಷನ್ ಆಗಬೇಕಿತ್ತು. ಡಾಕ್ಟರು ಮತ್ತೆ ಮತ್ತೆ ದಿನ ಗೊತ್ತು ಮಾಡಿದರು, ಇವರು ಹೋಗಲಿಲ್ಲ. ಈ ಸಲ ಮರುದಿನವೇ ಬಂದು ಸೇರಿಕೊಳ್ಳಿ ಎಂದಿದ್ದರು. ಬಸ್ ಓಡಿಸುವುದನ್ನು ನಿಲ್ಲಿಸಿದ್ದಾಗಿತ್ತು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿಲ್ಲ. ನಾಯಿಯನ್ನು ಬಿಡಲು ಒಂದು ಕಡೆ ಬೇಕು.

“ಒಂದ್ಸಲ ಬೇರೆ ಕಡೆ ಬಿಟ್ಟಿದ್ದೆ ಮೇಡಂ,” ಎಂದರು. “ವಾಪಸ್ ಬಂದಾಗ ಅವನಿಗೆ ದನಿಯೇ ಇರಲಿಲ್ಲ. ಬೊಗಳಿ ಬೊಗಳಿ ಗಂಟಲು ಕಟ್ಟಿತ್ತು. ಒಂದು ಕಾಲು ಕುಂಟುತ್ತಿತ್ತು. ಕೇಳಿದ್ರೆ, ಬರುವಾಗಲೇ ಹಾಗಿತ್ತಲ್ಲ ಅಂದ್ರು. ನನ್ನ ನಾಯಿ ಹೇಗಿತ್ತು ಅಂತ ನನಗೇ ಹೇಳ್ತಾರೆ.”

ಅತ್ತಿಗೆ ಕೇಳಿಸಿಕೊಂಡು, ಎಂದಿನ ಪ್ರಶ್ನೆ ಹಾಕಿದರು. “ಇವನ ಕೆಟ್ಟ ಬುದ್ಧಿ ಏನು?”

“ಏನಿಲ್ಲ.”

“ಏನೋ ಒಂದು ಇರುತ್ತಲ್ಲ ಸಾರ್.”

“ಏನೂ ಇಲ್ಲ ಅಂದ್ನಲ್ಲ,” ಎಂದು ಅವರು ನೆಲ ನೋಡಿದರು.

ಬೇರೆ ಯಾರಾಗಿದ್ದರೂ ಅತ್ತಿಗೆ ವಾಪಸ್ ಕಳಿಸುತ್ತಿದ್ದರು. ಆದರೆ ಆ ಮನುಷ್ಯ ಗೋಡೆ ಹಿಡಿದು ನಿಂತದ್ದನ್ನು ಅವರೂ ನೋಡಿದ್ದರು. ಇವರನ್ನು ತಿರುಗಿಸಿ ಕಳಿಸಿದರೆ ಆಸ್ಪತ್ರೆಯ ಮುಖ ನೋಡುವುದಿಲ್ಲ ಎಂದು ಮನಸ್ಸಿಗೆ ಬಂದಿರಬೇಕು. “ಆಯ್ತು, ಇವತ್ತೊಂದು ದಿನ ಬಿಟ್ಟು ನೋಡಿ. ನೀವು ಹಾಕಿಕೊಂಡ, ಒಗೆಯದ ಬಟ್ಟೆ ಒಂದು ಕೊಡಿ. ನಿಮ್ಮ ವಾಸನೆ ಇದ್ರೆ ಅವನು ಹೆದರಲ್ಲ,” ಎಂದರು. ಅವರು ಚೀಲದಿಂದ ತಮ್ಮ ಡ್ಯೂಟಿಯ ಖಾಕಿ ಶರ್ಟನ್ನು ತೆಗೆದು ಕೊಟ್ಟರು. ಕೊಡುವಾಗ ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೋದರು.

ಮಧ್ಯಾಹ್ನದವರೆಗೆ ಕಂಡಕ್ಟರ್ ಕಾಗದದ ಕೋಣೆಯಲ್ಲಿ ಶರ್ಟಿನ ಮೇಲೆ ಗಲ್ಲವಿಟ್ಟು ಮಲಗಿದ್ದ. ನೀರು ಕುಡಿದ, ಅತ್ತಿಗೆ ಕರೆದರೆ ಬಾಲ ಆಡಿಸಿದ. ಹೊಸದಾಗಿ ಬಂದ ಯಾವ ನಾಯಿಗಾದರೂ ಅತ್ತಿಗೆ ಮೊದಲು ಭೇಟಿ ಮಾಡಿಸುವುದು ಗುಂಡಮ್ಮನನ್ನು. ಗುಂಡಮ್ಮ ಅಣ್ಣನ ಮನೆಯದೇ ಮುದಿ ನಾಯಿ, ಯಾರ ತಂಟೆಗೂ ಹೋಗದವಳು. ನಾನು ಅಂಗಳದಲ್ಲಿ ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದೆ. ಅತ್ತಿಗೆ ಬಾಗಿಲು ತೆಗೆದು ಗುಂಡಮ್ಮನನ್ನು ಒಳಗೆ ಬಿಟ್ಟರು. ಅವಳು ನಿಧಾನವಾಗಿ ಹೋಗಿ ಕಂಡಕ್ಟರನನ್ನು ಮೂಸಿದಳು. ಅವನು ಸುಮ್ಮನಿದ್ದ. ಆಮೇಲೆ ಶರ್ಟನ್ನು ಮೂಸಿದಳು.

ಅಷ್ಟೇ. ಕಂಡಕ್ಟರ್ ಅವಳ ಮೇಲೆ ಎರಗಿದ. ಗುಂಡಮ್ಮ ಮುದುಕಿಯಾದರೂ ಬಿಟ್ಟುಕೊಡುವವಳಲ್ಲ, ತಿರುಗಿ ಕಚ್ಚಿದಳು. ನಾನು ಕೈಹಾಕಿ ಬಿಡಿಸಲು ಓಡಿದರೆ ಅತ್ತಿಗೆ ನನ್ನನ್ನು ಮೊಣಕೈಯಿಂದ ತಳ್ಳಿ, ಬಾಗಿಲ ಹಿಂದೆ ಇದಕ್ಕೆಂದೇ ಒರಗಿಸಿಟ್ಟಿದ್ದ ಹಲಗೆಯನ್ನು ಎರಡರ ನಡುವೆ ನುಗ್ಗಿಸಿದರು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಜಗಳ ಮುಗಿದಿತ್ತು. ಗುಂಡಮ್ಮನಿಗೆ ಏನೂ ಆಗಿರಲಿಲ್ಲ. ಕಂಡಕ್ಟರನ ಕುತ್ತಿಗೆಯ ಕೂದಲನ್ನು ಬಿಡಿಸಿ ಬಿಡಿಸಿ ನೋಡಿದಾಗ ಒಂದು ಹಲ್ಲು ಊರಿದ ಗುರುತು ಸಿಕ್ಕಿತು. ಸಣ್ಣದು, ಆದರೆ ಆಳ. ಅತ್ತಿಗೆ ಅವನನ್ನು ಎತ್ತಿಕೊಂಡು ಪಕ್ಕದ ಬೀದಿಯ ಪಶುವೈದ್ಯರ ಬಳಿಗೆ ಹೋದರು. ವೈದ್ಯರು ತೊಳೆದು, ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದು, ಕೀವಾಗದಂತೆ ನೋಡಿಕೊಂಡರೆ ಸಾಕು ಎಂದರು.

ವಾಪಸ್ ಬಂದಾಗ ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ.

“ನೋಡೇ, ಕೂದಲಿನೊಳಗೆ ಏನೂ ಕಾಣಲ್ಲ. ಸುಮ್ನಿದ್ದುಬಿಡು.”

“ಸುಮ್ನಿರೋದು ಅಂದ್ರೆ?”

“ಅವರಿಗೆ ಹೇಳಬೇಡ. ಮೊದಲೇ ಸುಟ್ಟುಕೊಂಡಿರೋ ಮನುಷ್ಯ. ಇದೂ ಹಾಗೇ ಅಂತ ಗೊತ್ತಾದ್ರೆ ನಾಯಿ ಎತ್ತಿಕೊಂಡು ಹೋಗ್ತಾರೆ, ಆಪರೇಷನ್ ಮಾಡಿಸಿಕೊಳ್ಳಲ್ಲ. ಒಂದು ಗಾಯ ಮುಚ್ಚಿಟ್ಟು ಒಂದು ಜೀವ ಉಳಿಸು ಅಂತ ಹೇಳ್ತಿದ್ದೀನಿ. ನಾಳೆ ಹೇಗೂ ಇಲ್ಲಿಗೇ ಬಿಡ್ತಾರೆ, ಮಾತ್ರೆ ಆಗಿಂದ ಹಾಕಿದ್ರಾಯ್ತು.”

ಅಣ್ಣನ ಮಾತು ನನಗೆ ಸರಿ ಎಂದೇ ಅನ್ನಿಸಿತು. ಇಂಥದ್ದು ಅಪರೂಪ. ಅತ್ತಿಗೆ ನನ್ನ ಮುಖ ನೋಡಿದರು, ನಾನೂ ತಲೆಯಾಡಿಸಿದೆ.

“ಈ ರಾತ್ರಿಯೇ ಕೀವಾದ್ರೆ ಯಾರು ನೋಡ್ತಾರೆ?” ಎಂದರು ಅತ್ತಿಗೆ. “ಅದೂ ಬಿಡಿ. ಬರುವಾಗಲೇ ಹಾಗಿತ್ತು ಅಂದೋರಿಗೂ ನನಗೂ ಏನ್ರೀ ವ್ಯತ್ಯಾಸ? ಅವರು ಎದೆ ಕೊಯ್ಯಿಸಿಕೊಂಡು ಮಲಗಿರುವಾಗ, ನನ್ನ ನಾಯಿ ಒಳ್ಳೆ ಕಡೆ ಇದೆ ಅಂತ ನಂಬಿಕೊಂಡಿರ್ತಾರೆ. ಆ ನಂಬಿಕೆ ಸುಳ್ಳಾಗಬಾರದು.”

ಸಂಜೆ ಡ್ರೈವರ್ ಬಂದರು. ಅವರು ಎರಡನೇ ಗೇಟು ದಾಟುವ ಮೊದಲೇ ಅತ್ತಿಗೆ ಎದುರು ಹೋಗಿ ನಿಂತು ಎಲ್ಲವನ್ನೂ ಹೇಳಿದರು. ಶರ್ಟನ್ನು ಕೋಣೆಯಲ್ಲಿಟ್ಟು ಇನ್ನೊಂದು ನಾಯಿಯನ್ನು ಒಳಗೆ ಬಿಟ್ಟದ್ದು ತಮ್ಮದೇ ತಪ್ಪು ಎಂದರು. ಕಂಡಕ್ಟರನ ಕೂದಲು ಬಿಡಿಸಿ ಗಾಯ ತೋರಿಸಿದರು, ಮಾತ್ರೆ ಕೈಗಿತ್ತರು. ಅವರು ಗಾಯವನ್ನು ಬಹಳ ಹೊತ್ತು ನೋಡಿದರು. ನಾಯಿಗೆ ಕೊರಳಪಟ್ಟಿ ಕಟ್ಟಿ, ಶರ್ಟು ಮಡಚಿಕೊಂಡು, ಮೆಟ್ಟಿಲಿಳಿದು ಹೊರಟೇ ಹೋದರು.

ಅಣ್ಣ “ನಾನು ಹೇಳಿರಲಿಲ್ವಾ?” ಎನ್ನಲಿಲ್ಲ. ಅಷ್ಟರ ಮಟ್ಟಿಗೆ ಅವನಿಗೆ ಬುದ್ಧಿಯಿದೆ. ನನಗೆ ಮಾತ್ರ ಅತ್ತಿಗೆಯ ಮೇಲೆ ಸಿಟ್ಟು ಬಂತು. ಸತ್ಯ ಹೇಳಿ ಇವರು ಹಗುರಾದರು, ಆ ಮನುಷ್ಯ ಆಪರೇಷನ್ ಇಲ್ಲದೆ ಸಾಯುತ್ತಾನೆ ಎಂದು ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡೆ. ಅತ್ತಿಗೆ ಹಗುರಾದವರ ಹಾಗೆ ಕಾಣುತ್ತಿರಲಿಲ್ಲ. ಕಾಗದದ ಕೋಣೆಯ ನೆಲ ತೊಳೆದವರು ಅದನ್ನೇ ಮತ್ತೊಮ್ಮೆ ತೊಳೆದರು.

ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಡ್ರೈವರ್ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಂಡಕ್ಟರ್, ಅವನ ಪಕ್ಕದಲ್ಲಿ ಆಸ್ಪತ್ರೆಗೆ ಒಯ್ಯುವ ಚೀಲ. ಅತ್ತಿಗೆ ಬಂದು ಬಾಗಿಲು ತೆಗೆದರೂ ಅವರು ಏಳಲಿಲ್ಲ.

“ಇಸ್ತ್ರಿ ಮಾಡೋನ ಕೈ ಕಚ್ಚಿದ್ದ,” ಎಂದರು.

ಅತ್ತಿಗೆ ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

“ನನ್ನ ಶರ್ಟು ಒಯ್ಯೋಕೆ ಬಂದಿದ್ದ, ಪಾಪ. ಇವನು ಸುಮ್ನಿರ್ತಾನೆ, ಆದ್ರೆ ನನ್ನ ಬಟ್ಟೆ ಮುಟ್ಟಿದ್ರೆ ಬಿಡಲ್ಲ. ನಿನ್ನೆ ಶರ್ಟು ಕೊಡುವಾಗಲೇ ಹೇಳಬೇಕಿತ್ತು. ಕಚ್ಚೋ ನಾಯಿ ಅಂದ್ರೆ ಸೇರಿಸ್ಕೊಳ್ಳಲ್ಲ ಅಂತ ಬಾಯಿ ಮುಚ್ಕೊಂಡೆ. ನಿಮ್ಮದೇನು ತಪ್ಪು ಮೇಡಂ, ನನ್ನದು.”

“ಇಬ್ಬರದೂ ಅಂತ ಇಟ್ಕೊಳ್ಳೋಣ,” ಎಂದರು ಅತ್ತಿಗೆ. “ಶರ್ಟು ಅವನ ಹತ್ರ ಇರಲಿ. ಆ ಕೋಣೆಗೆ ಬೇರೆ ನಾಯಿ ಬರಲ್ಲ. ಸರಿ, ಗಾಯ ತೋರಿಸಿ.”

ಗಾಯ ಒಣಗುತ್ತಿತ್ತು. ಅತ್ತಿಗೆ ನಾಯಿಯ ಹಗ್ಗಕ್ಕೆ ಕೈಚಾಚಿದರು. ಡ್ರೈವರ್ ಹಗ್ಗ ಕೊಟ್ಟರು, ಆದರೆ ಅದರ ತುದಿಯನ್ನು ಬಿಡಲಿಲ್ಲ.

“ನಾನು ಬರದೆ ಹೋದ್ರೆ?”

ಆಗ ನನಗೆ ತಿಳಿಯಿತು. ಕಟ್ಟಿದ ಗಂಟಲು, ಕುಂಟುವ ಕಾಲು ಎಲ್ಲ ನಿಜವೇ. ಆದರೆ ಆ ಮನುಷ್ಯ ಆಪರೇಷನ್ ಮುಂದೂಡುತ್ತಾ ಬಂದದ್ದು ಈ ಒಂದು ಮಾತನ್ನು ಕೇಳಲು ಅವರಿಗೆ ಯಾರೂ ಇಲ್ಲದ ಕಾರಣಕ್ಕೆ.

“ಬರದೆ ಹೋದ್ರೆ ಇಲ್ಲೇ ಇರ್ತಾನೆ,” ಎಂದರು ಅತ್ತಿಗೆ, ಒಂದಿಷ್ಟೂ ತಡವರಿಸದೆ. “ಯಾರಿಗೂ ಕೊಡಲ್ಲ. ಆಯ್ತಾ? ಆದ್ರೆ ನೀವು ಬರ್ತೀರ. ನಾನಂತೂ ಅವನಿಗೆ ಹಾಗೇ ಹೇಳ್ತೀನಿ.”

ಅವರು ಹಗ್ಗ ಬಿಟ್ಟರು. ಅಣ್ಣ ತನ್ನ ಸ್ಕೂಟರಿನಲ್ಲಿ ಅವರನ್ನು ಆಸ್ಪತ್ರೆಗೆ ಬಿಟ್ಟು ಬಂದ. ದಾರಿಯುದ್ದಕ್ಕೂ ಕಂಡಕ್ಟರನ ಚಾಡಿಗಳನ್ನೇ ಹೇಳಿದರಂತೆ, ನಿಲ್ಲಿಸಲೇ ಇಲ್ಲವಂತೆ.

ಆಪರೇಷನ್ನಿನ ಮರುದಿನ ಆಸ್ಪತ್ರೆಯಿಂದ ಫೋನ್ ಬಂತು. ಅತ್ತಿಗೆಯ ಕೈ ಒದ್ದೆಯಿತ್ತು, ಫೋನನ್ನು ಮೇಜಿನ ಮೇಲಿಟ್ಟೇ ಸ್ಪೀಕರ್ ಹಾಕಿದರು. ಅಣ್ಣ ಬಟ್ಟಲು ಬಿಟ್ಟು ಬಂದು ನಿಂತ.

“ರೋಗಿ ಕಡೆಯವರು ಅಂತ ನಿಮ್ಮ ನಂಬರ್ ಕೊಟ್ಟಿದ್ದಾರೆ,” ಎಂದಿತು ನರ್ಸಿನ ದನಿ. “ನೀವು ಅವರಿಗೆ ಏನಾಗಬೇಕು?”

ಅತ್ತಿಗೆ ಒಂದು ಕ್ಷಣ ಯೋಚಿಸಿದರು. “ಅವರ ನಾಯಿ ನನ್ನ ಹತ್ರ ಇದೆ.”

“ಅದಲ್ಲಮ್ಮ. ಸಂಬಂಧ ಏನು ಅಂತ ಕೇಳಿದ್ದು.”

“ಅದೇ ಸಂಬಂಧ. ಹೇಗಿದ್ದಾರೆ ಹೇಳಿ.”

“ಚೆನ್ನಾಗಿದ್ದಾರೆ. ಎಚ್ಚರ ಆಗಿದೆ. ಮಾತಾಡಬೇಡಿ ಅಂದ್ರೂ ಒಂದೇ ಕೇಳ್ತಿದ್ದಾರೆ, ಕಂಡಕ್ಟರ್ ಊಟ ಮಾಡಿದ್ನಾ ಅಂತ.”

“ಅರ್ಧ ತಿಂದ,” ಎಂದರು ಅತ್ತಿಗೆ.

ಪೂರ್ತಿ ತಿಂದ ಅಂತ ಹೇಳು ಎಂದು ಅಣ್ಣ ಎದುರಿಗೆ ನಿಂತು ಕೈಸನ್ನೆ ಮಾಡಿದ. ಅತ್ತಿಗೆ ಅವನಿಗೆ ಬೆನ್ನು ಹಾಕಿ ತಿರುಗಿದರು.

“ಅರ್ಧ ಬಟ್ಟಲಲ್ಲೇ ಇದೆ, ಬಾಗಿಲ ಕಡೆ ನೋಡ್ಕೊಂಡು ಕೂತಿದ್ದಾನೆ. ಹಾಗೇ ಹೇಳಿ ಅವರಿಗೆ. ಬೇಗ ಎದ್ದು ಬರ್ತಾರೆ.”