ಕಾಳಿನಷ್ಟು ಗಾಯ

ಸೈಕಲ್ ರಿಪೇರಿಯವನಿಗೆ ಆಪರೇಷನ್ನಿಗಿಂತ ಹೆಚ್ಚು ಹೆದರಿಕೆಯಿದ್ದದ್ದು ಅತ್ತಿಗೆಯ ಮುಖ ನೋಡುವುದಕ್ಕೆ. ಅವನು ಆಸ್ಪತ್ರೆಯಿಂದ ಬಂದು ತಿಂಗಳಾಗಿತ್ತು. ಪಕ್ಕದ ಬೀದಿಯಲ್ಲೇ ಇದ್ದರೂ ಆಕೆ ಇತ್ತ ತಲೆ ಹಾಕಿರಲಿಲ್ಲ.

ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ, ಕಿವಿ ಹಿಂಡಿ, ಚರ್ಮ ಸುಲಿಯುವ ಹಾಗೆ ಉಜ್ಜಿ ಸ್ನಾನ ಮಾಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಕಸುಬು ಕಲಿಸಿದವನು ಅಣ್ಣ. ಅಣ್ಣನೋ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಆಸಾಮಿ! ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವಷ್ಟೂ ಪುರುಸೊತ್ತಿಲ್ಲ. ಕೆನ್ನೆಗೆ ಹಿಡಿದೇ ಪಂಕ್ಚರ್ ಎಲ್ಲೆಂದು ಹೇಳುತ್ತಿದ್ದ. ಅಂಟು ಒಣಗುವ ಮೊದಲೇ ತೇಪೆ ಒತ್ತುವುದು, ಗಿರಾಕಿ ಬೀದಿ ತಿರುವು ದಾಟುವುದರೊಳಗೆ ಅದು ಕಿತ್ತುಬರುವುದು, ಬೈಸಿಕೊಂಡು ಇಬ್ಬರೂ ನಗುವುದು. ಆ ಅಂಟಿನ ವಾಸನೆ ಮೂಗಿಗೆ ಬಿದ್ದರೆ ಅವನಿಗೆ ಇಂದಿಗೂ ಅಣ್ಣ ಪಕ್ಕದಲ್ಲಿ ಕೂತಂತಾಗುತ್ತದೆ.

ಅಣ್ಣನಿಗೂ ಬಂದದ್ದು ಇದೇ ಕಾಯಿಲೆ. ಹೃದಯದಿಂದ ಹೊಟ್ಟೆಗೆ ಇಳಿಯುವ ಮಹಾರಕ್ತನಾಳ ಉಬ್ಬಿ, ಯಾವಾಗ ಒಡೆಯುತ್ತದೋ ಎನ್ನುವಂತಾಗಿತ್ತು. ಆ ಕಾಲದಲ್ಲಿ ಪಕ್ಕೆಲುಬಿನಿಂದ ಹೊಕ್ಕುಳಿನ ಕೆಳಗಿನವರೆಗೆ ಸೀಳಿದರು. ಅತ್ತಿಗೆ ದಿನಾ ಆ ಗಾಯಕ್ಕೆ ಎಣ್ಣೆ ಸವರಿದಳು. ಗಾಯವೇನೋ ಮಾಯಿತು, ಅಣ್ಣ ಚೇತರಿಸಿಕೊಳ್ಳದೆ ತೀರಿಕೊಂಡ.

ತಮ್ಮನಿಗಾದರೆ ಅಳತೆ ತೆಗೆದು, ಮೂತ್ರಪಿಂಡಗಳಿಗೆ ರಕ್ತ ಹೋಗಲು ಕಿಟಕಿಗಳನ್ನಿಟ್ಟು ಬಟ್ಟೆಯ ಕೊಳವೆ ಹೊಲಿಸಿದರು. ಅದು ತಯಾರಾಗುವವರೆಗೆ ವಾರಗಟ್ಟಲೆ ಜೀವ ಕೈಯಲ್ಲಿ ಹಿಡಿದು ಕಾದ. ಆಮೇಲೆ ಅದನ್ನು ತೊಡೆಸಂದಿಯ ತೂತಿನಿಂದ ತೂರಿಸಿ, ಉಬ್ಬಿದ ನಾಳದೊಳಗೆ ಬಿಡಿಸಿ ಕೂರಿಸಿದರು. ಕೆಲವೇ ದಿನಗಳಲ್ಲಿ ಎದ್ದು ಓಡಾಡಿದ. ಓಡಾಡಲು ನಾಚಿಕೆಯಾಯಿತು, ಅಣ್ಣನ ಪಾಲನ್ನು ಕದ್ದು ತಂದವನ ಹಾಗೆ. ಅತ್ತಿಗೆಗೆ ಹೊಟ್ಟೆ ಉರಿದರೂ ತಪ್ಪಿಲ್ಲ ಎಂದುಕೊಂಡ.

ಒಂದು ಸಂಜೆ ಅವಳೇ ಬಂದಳು.

“ಅಂಥದ್ದೇ ಸೀಳು ಇನ್ನೊಂದ್ಸಲ ನೋಡೋಕೆ ಧೈರ್ಯ ಬರ್ಲಿಲ್ಲ ಕಣೋ. ಇವತ್ತು ಮನಸ್ಸು ಗಟ್ಟಿ ಮಾಡ್ಕೊಂಡು ಬಂದಿದ್ದೀನಿ. ತೋರ್ಸು.”

“ತೊಡೆಸಂದೀಲಿದೆ, ಅತ್ತಿಗೆ...”

“ಓಹೋ! ನಾನು ನೋಡದೇ ಇರೋದು ಏನಿದೆಯೋ ನಿನ್ ಹತ್ರ?”

ಅವನು ಹೊದಿಕೆಯನ್ನು ತುಸು ಸರಿಸಿದ. ಅತ್ತಿಗೆ ಕನ್ನಡಕ ಏರಿಸಿಕೊಂಡು ಬಗ್ಗಿ, ಕಲೆಯ ಮೇಲೆ ಹೆಬ್ಬೆರಳಿಟ್ಟು ಸವರಹೊರಟಳು. ಉದ್ದನೆಯ ಗಾಯಕ್ಕೆ ಎಣ್ಣೆ ಸವರಿದ್ದ ಬೆರಳು ಮುಂದೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತು.

“ಇಷ್ಟೇನಾ?”

“ಇಷ್ಟೇ.” ಅವನು ಹೊದಿಕೆ ಎಳೆದುಕೊಂಡ. “ಅಣ್ಣಂಗೂ ಹೀಗೇ ಮಾಡಿದ್ದಿದ್ರೆ...”

“ನಿಮ್ಮಣ್ಣಂಗೆ ಎಲ್ಲದಕ್ಕೂ ಅವಸರ,” ಎಂದಳು ಅತ್ತಿಗೆ. “ಕಾಯಿಲೆ ಬೀಳೋದಕ್ಕೂ.”

ಹೇಳಿ ನಕ್ಕಳು. ನಗು ಮುಗಿಯುವ ಮೊದಲೇ, ಅವನ ಕೈ ಹಿಡಿದುಕೊಂಡು ಅತ್ತಳು.